ಅಣುಬಾಂಬಿನ ಆಟಕ್ಕೆ ಸದ್ದು ಮಾಡಿದ ವರ್ಷಗಳು

ಸದ್ದಿನ ಕೆಲಸಕ್ಕೆ ಹೊಸದಾಗಿ ಬರುವವರು ನನ್ನನ್ನು ಮೊದಲು ಕೇಳುವುದು ಯಾವ ಮೈಕು ಕೊಳ್ಳಬೇಕು ಎಂದು. ಆಮೇಲೆ ಕೇಳುವುದು, ಆಟದಲ್ಲಿರುವ ಆ ಅಜ್ಜಿಯ ದನಿ ಎಲ್ಲಿ ಸಿಕ್ಕಿತು ಎಂದು. ಮೊದಲನೆಯದಕ್ಕೆ ಉತ್ತರ ಸುಲಭ: ಕೈಗೆ ಎಟಕುವ ಬೆಲೆಯದು ಯಾವುದಾದರೂ ಸಾಕು, ಗಾಳಿ ತಾಗದಂತೆ ಅದಕ್ಕೊಂದು ಹೊದಿಕೆ ಇರಲಿ. ಎರಡನೆಯದಕ್ಕೆ ಈವರೆಗೆ ನಗುತ್ತ ಏನೋ ಹೇಳಿ ಜಾರಿಕೊಂಡಿದ್ದೇನೆ. ಈ ಕೆಲಸಕ್ಕೆ ಬರುವವರಿಗೆ ಬೇಕಾಗಿರುವುದು ಆ ಎರಡನೆಯ ಉತ್ತರವೇ ಎಂದು ಈಗ ಅನ್ನಿಸುತ್ತಿದೆ.

ಕಾಲೇಜಿನ ದಿನಗಳಿಂದ ನನಗೆ ಡೈರಿ ಬರೆಯುವ ಅಭ್ಯಾಸ. ಇದನ್ನು ಬರೆಯಲು ಕೂತಾಗ ಹಳೆಯವನ್ನೆಲ್ಲ ತೆಗೆದು ನೋಡಿದೆ. ಹೆಚ್ಚು ಪ್ರಯೋಜನವಾಗಲಿಲ್ಲ. ನಾಚಿಕೆಪಡಬೇಕಾಗಿದ್ದ ದಿನಗಳಲ್ಲೆಲ್ಲ ನಾನು ಬಿಸಿಲು, ಮೋಡ, ಬಸ್ಸು ತಡವಾದದ್ದು ಇವುಗಳ ಬಗ್ಗೆ ಬರೆದಿದ್ದೇನೆ. ಆದ್ದರಿಂದ ಇಲ್ಲಿರುವುದು ಹೆಚ್ಚಾಗಿ ನೆನಪು. ನೆನಪು ನನ್ನ ಪರವಾಗಿ ಮಾತಾಡುತ್ತದೆ ಎಂಬುದನ್ನು ಓದುವವರು ಮರೆಯಬಾರದು.

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ನಾನು ಸೇರಿದ್ದು ಮಲ್ಲೇಶ್ವರದ ಒಂದು ಡಬ್ಬಿಂಗ್ ಸ್ಟುಡಿಯೋ. ಸೋಪು, ಅಗರಬತ್ತಿ, ಸೀರೆ ಅಂಗಡಿಗಳ ಜಾಹೀರಾತಿಗೆ ಸದ್ದು ಕೂಡಿಸುವ ಕೆಲಸ. ಆಗ ಟೇಪಿನ ಕಾಲ. ಬೇಡದ ಮಾತನ್ನು ತೆಗೆಯಲು ಟೇಪನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಉಳಿದ ತುದಿಗಳನ್ನು ಅಂಟಿಸಬೇಕು. ಅಲ್ಲಿಯ ಮುಖ್ಯಸ್ಥರನ್ನು ಎಲ್ಲರೂ ಸರ್ ಎಂದಷ್ಟೇ ಕರೆಯುತ್ತಿದ್ದೆವು. ಅವರು ಹೇಳಿಕೊಟ್ಟದ್ದು ಒಂದೇ ಪಾಠ. "ಮಾತನ್ನ ಉಸಿರಿರೋ ಜಾಗದಲ್ಲಿ ಕತ್ತರಿಸಮ್ಮ. ಪದದ ಮಧ್ಯ ಬ್ಲೇಡ್ ಇಟ್ಟೆ ಅಂದ್ರೆ ನಾಳೆಯಿಂದ ಬರಬೇಡ." ಜಾಹೀರಾತಿನ ಹುಡುಗಿಯೊಬ್ಬಳು "ಮೃದುವಾದ ಚರ್ಮ" ಎನ್ನುವಾಗ ನಾನೊಮ್ಮೆ "ಚರ್" ಎಂಬಲ್ಲಿ ಕತ್ತರಿಸಿಬಿಟ್ಟೆ. ಸರ್ ಆ ತುಣುಕನ್ನು ಮತ್ತೆ ಮತ್ತೆ ಹಾಕಿ ಕೇಳಿಸಿ, "ನೋಡು, ಕತ್ತು ಹಿಸುಕಿದ ಹಾಗಿಲ್ವಾ?" ಎಂದರು. ಕೆಲಸ ಉಳಿಯಿತು. ಆಮೇಲೆ ಕಂಪ್ಯೂಟರು ಬಂತು, ಕತ್ತರಿಸಿದ್ದನ್ನು ಒಂದು ಗುಂಡಿ ಒತ್ತಿ ಮತ್ತೆ ಕೂಡಿಸುವ ಅನುಕೂಲ ಬಂತು, ಕತ್ತರಿಸುವ ಮುಂಚಿನ ಭಯ ಹೋಯಿತು. ಕೆಲಸ ಬೇಗ ಸಾಗಿತು ಎಂಬುದು ನಿಜ.

ಜಾಹೀರಾತುಗಳು ದೊಡ್ಡ ದೊಡ್ಡ ಕಂಪನಿಗಳ ಪಾಲಾಗಿ ಆ ಸ್ಟುಡಿಯೋ ಮುಚ್ಚಿದಾಗ ನನಗೆ ಐವತ್ತು ದಾಟಿತ್ತು. ಪರಿಚಯದವರೊಬ್ಬರು ಗವಿಪುರದ ಒಂದು ವಿಳಾಸ ಕೊಟ್ಟರು. ಮನೆಯೊಂದರ ಮಹಡಿಯಲ್ಲಿ ನಾಲ್ಕೈದು ಜನ ಸೇರಿ ಕಂಪ್ಯೂಟರ್ ಆಟ ಮಾಡುತ್ತಿದ್ದರು. ಅವರ ಮುಖ್ಯಸ್ಥ ಚೇತನ್. ದೊಡ್ಡ ಕಂಪನಿಯ ಕೆಲಸ ಬಿಟ್ಟು, ತನ್ನದೇ ಉಳಿತಾಯ ಹಾಕಿ, ಯಾರ ಹಂಗೂ ಇಲ್ಲದೆ ಒಂದು ಆಟ ಮಾಡಬೇಕೆಂದು ಹೊರಟವನು. ನನಗಿಂತ ಇಪ್ಪತ್ತು ವರ್ಷಕ್ಕೂ ಚಿಕ್ಕವನು.

"ಮೇಡಂ, ಬಾಂಬ್ ಸೌಂಡ್ ಮಾಡಿದೀರಾ?" ಎಂದು ಕೇಳಿದ.

"ಅಗರಬತ್ತಿ ಸೌಂಡ್ ಮಾಡಿದೀನಿ."

"ಅಗರಬತ್ತಿಗೆ ಸೌಂಡ್ ಎಲ್ಲಿರುತ್ತೆ?"

"ಅದಕ್ಕೇ ಕಷ್ಟ ಆಗಿದ್ದು."

ಅವನು ನಕ್ಕು ಸೋಮವಾರದಿಂದ ಬನ್ನಿ ಎಂದ. ಈ ಮಾತುಕತೆ ಇಷ್ಟು ಚುರುಕಾಗಿ ನಡೆದಿರಲಾರದು. ಬಂದುಹೋದವರಿಗೆಲ್ಲ ಹೇಳಿ ಹೇಳಿ ನಾನೇ ಇದನ್ನು ಉಜ್ಜಿ ಹೊಳೆಯಿಸಿರಬೇಕು.

ಅಣುಯುದ್ಧದ ಆಟ ಎಂದರೆ ಏನೆಂದು ತಿಳಿಯದವರಿಗೆ ಎರಡು ಮಾತು. ಆಡುವವರು ನೆಲದಡಿಯ ಕೋಣೆಯೊಂದರಲ್ಲಿ ಕೂತ ಅಧಿಕಾರಿ. ಮುಂದೆ ಒಂದು ಭೂಪಟ, ಅದರ ಮೇಲೆ ಊರುಗಳ ಚುಕ್ಕೆಗಳು. ದೇಶಗಳಿಗೆ ಹೆಸರಿಲ್ಲ. ಎದುರಾಳಿ ಕ್ಷಿಪಣಿ ಸಿದ್ಧ ಮಾಡುತ್ತಿದ್ದಾನೆಂಬ ಸುದ್ದಿ ಬರುತ್ತದೆ. ಅದು ಸುಳ್ಳೂ ಇರಬಹುದು. ಕಾಯಬೇಕೋ, ಮೊದಲೇ ಹೊಡೆಯಬೇಕೋ, ಹೊಡೆದರೆ ಯಾವ ಊರು ಎಂದು ನಿರ್ಧರಿಸುವುದೇ ಆಟ. ಆಡಿದವನಿಗೆ ಗೆದ್ದ ಖುಷಿ ಬರಬಾರದು ಎಂಬುದು ಚೇತನ್‌ನ ಹಟ. ಆ ಹಟಕ್ಕೆ ನಾನು ಮನಸೋತೆ. ಅಷ್ಟು ವರ್ಷ ಸೋಪು ಮಾರಿದ ಮೇಲೆ ಒಂದು ಒಳ್ಳೆಯ ಕೆಲಸದಲ್ಲಿ ಕೈಯಾಡಿಸುತ್ತಿದ್ದೇನೆ ಎನ್ನಿಸಿತು. ಈ ಕೆಲಸಕ್ಕೆ ಬರುವವರು ಆ ಭಾವನೆಯ ಬಗ್ಗೆ ಎಚ್ಚರವಾಗಿರಬೇಕು. ಒಳ್ಳೆಯ ಉದ್ದೇಶದ ಕೆಲಸದಲ್ಲಿ ನಮ್ಮ ಮೇಲೆ ನಮಗೆ ಅನುಮಾನವೇ ಬರುವುದಿಲ್ಲ.

ಮೊದಲ ವರ್ಷವೆಲ್ಲ ಬಾಂಬು. ಕೆಳಗಿನ ಮನೆಯಿಂದ ಒಂದು ಹಳೆಯ ರುಬ್ಬುವ ಕಲ್ಲು ಎತ್ತಿಸಿ ತಂದು, ಮೊಸಾಯಿಕ್ ನೆಲದ ಮೇಲೆ ಎಳೆದಾಡಿ, ಆ ಸದ್ದನ್ನು ನಿಧಾನಗೊಳಿಸಿ ಗುಡುಗು ಮಾಡಿದೆ. ಮದುವೆ ಮನೆಯ ಹಂಡೆಯೊಳಗೆ ಮೈಕು ಇಳಿಬಿಟ್ಟು ಹೊರಗಿನಿಂದ ಗುದ್ದಿದೆ. ಕೆಳಗಿನ ಮನೆಯ ಯಜಮಾನಿ ಸರೋಜಮ್ಮನವರು, ನಮ್ಮ ಓನರು, ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತಿದ್ದರು.

"ಲೋ ಚೇತನ್! ದಿನಾ ಎಷ್ಟು ಸಲನೋ ಬಾಂಬ್ ಹಾಕೋದು? ಸುಣ್ಣ ಎಲ್ಲಾ ಸಾರಿನ ಪಾತ್ರೆಗೆ ಉದುರ್ತಾ ಇದೆ!"

"ಇವತ್ತು ಇದೇ ಕೊನೆ ಅಜ್ಜಿ!"

"ನಿನ್ನೇನೂ ಇದೇ ಕೊನೆ ಅಂದಿದ್ದೆ. ಇಷ್ಟರಲ್ಲಿ ಪ್ರಪಂಚ ಮುಗಿದು ಎಷ್ಟ್ ದಿನ ಆಗಿರ್ಬೇಕಿತ್ತು!"

ಅವರಿಗೆ ಆಗ ಎಪ್ಪತ್ತರ ಮೇಲೆ. ಮಗಳು ಅಳಿಯ ಇಬ್ಬರೂ ಬ್ಯಾಂಕಿಗೆ ಹೋಗುತ್ತಿದ್ದರು. ಹಗಲಿಡೀ ಅವರಿಗೆ ಜೊತೆಯೆಂದರೆ ಮಹಡಿಯ ನಾವು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹಿತ್ತಾಳೆ ಫಿಲ್ಟರಿನ ಡಿಕಾಕ್ಷನ್ ಇಳಿಸಿ, ಕಾಫಿ ಬೆರೆಸಿ, ಅಡುಗೆಮನೆ ಬಾಗಿಲಿನಿಂದಲೇ ಒಂದು ಕೂಗು ಹಾಕುತ್ತಿದ್ದರು: "ಕಾಫಿ ಆರೋಗ್ತಾ ಇದೆ, ಯಾರಾದ್ರೂ ಬನ್ರೋ!" ಆ ಕೂಗು ಅಂಗಳ ದಾಟಿ, ಮೆಟ್ಟಿಲು ಹತ್ತಿ, ಹೆಡ್‌ಫೋನ್ ಹಾಕಿಕೊಂಡ ಕಿವಿಗೂ ಮುಟ್ಟುತ್ತಿತ್ತು. ನಮ್ಮಲ್ಲೊಬ್ಬರು ಇಳಿದು ಹೋಗಿ ಲೋಟಗಳ ತಟ್ಟೆ ಹೊತ್ತು ತರುತ್ತಿದ್ದರು. ಹೆಚ್ಚಾಗಿ ಹೋಗುತ್ತಿದ್ದವಳು ನಾನು. ಹೋದರೆ ಹತ್ತು ನಿಮಿಷ ಮಾತು.

ಆಟದ ನೆಲಮಾಳಿಗೆಯ ಉಕ್ಕಿನ ಬಾಗಿಲಿನ ಸದ್ದಿಗಾಗಿ ನಾನು ನಗರ್ತಪೇಟೆಗೆ ಹೋದದ್ದನ್ನು ಇಲ್ಲೇ ಹೇಳುತ್ತೇನೆ. ಅಂಗಡಿ ಮುಚ್ಚುವ ಹೊತ್ತಿಗೆ ಹೋಗಿ, ಗುಂಡಿ ಮತ್ತು ಲೇಸು ಮಾರುವ ಒಂದು ಅಂಗಡಿಯ ಶಟರ್ ಮುಂದೆ ಮೈಕು ಹಿಡಿದು ನಿಂತೆ. ಅಂಗಡಿಯವರು ಬೆವರಿದರು.

"ಮೇಡಂ, ಜಿಎಸ್‌ಟಿ ಕಡೆಯವರಾ? ಬಿಲ್ ಬುಕ್ ಒಳಗಿದೆ, ತೋರಿಸ್ತೀನಿ."

"ಇಲ್ಲ ಸ್ವಾಮಿ, ನಿಮ್ಮ ಶಟರ್ ಸದ್ದು ಬೇಕು. ಯುದ್ಧದ ಆಟ ಮಾಡ್ತಿದೀವಿ. ಬಾಂಬ್ ಬೀಳೋವಾಗ ಮುಚ್ಚೋ ಬಾಗಿಲಿಗೆ."

ಅವರ ಮುಖ ಅರಳಿತು. "ಅಯ್ಯೋ, ಅಷ್ಟೇನಾ! ಹಿಡ್ಕೊಳ್ಳಿ ಮೈಕು." ಮತ್ತೆ ಮತ್ತೆ ಎತ್ತಿ ಇಳಿಸಿದರು. ಅಕ್ಕಪಕ್ಕದವರು ಸೇರಿದರು. ಒಬ್ಬ, "ಗುರು, ಬಾಂಬ್ ಬಿದ್ರೂ ಈ ಶಟರ್ ದಾಟಿ ಸಾಲ ಕೇಳೋರು ಒಳಗೆ ಬರಲ್ಲ ಬಿಡು" ಎಂದ. ಬೀದಿಯೆಲ್ಲ ನಗು. ನಾನು ಈ ಪ್ರಸಂಗವನ್ನು ಸಂತೋಷದಿಂದ ನೆನೆಯುತ್ತೇನೆ, ಏಕೆಂದರೆ ಆ ಅಪರಿಚಿತ ಅಂಗಡಿಯವರಿಗೆ ನಾನು ಎಲ್ಲವನ್ನೂ ಹೇಳಿದ್ದೆ. ಅವರ ಶಟರ್ ಯಾವ ಬಾಗಿಲಾಗುತ್ತದೆ, ಅದು ಯಾವಾಗ ಮುಚ್ಚುತ್ತದೆ ಎಂದು.

ವರ್ಷ ಕಳೆಯುವಷ್ಟರಲ್ಲಿ ನನ್ನ ಬಾಂಬು ಬಹಳ ಚೆನ್ನಾಗಿ ಬಂದಿತ್ತು. ಅದೇ ದೊಡ್ಡ ತಪ್ಪಾಯಿತು. ಆಡಿ ನೋಡಲು ಕರೆಸಿದ ಕಾಲೇಜು ಹುಡುಗರು ಭೂಪಟವನ್ನು ನೋಡುವುದನ್ನೇ ಬಿಟ್ಟು, ಆ ಸದ್ದಿಗಾಗಿ ಊರಿನ ಮೇಲೆ ಊರು ಒತ್ತತೊಡಗಿದರು. "ಮಚ್ಚಾ, ಇನ್ನೊಂದ್ಸಲ ಹಾಕು, ಎದೆಗೇ ಬಡಿಯುತ್ತೆ!" ಚೇತನ್ ಅವರನ್ನು ಕಳುಹಿಸಿ ಬಂದು ಗೋಡೆಗೊರಗಿ ಕೂತ.

"ಮೇಡಂ, ಮಜಾ ಬರ್ತಿದೆ ಅವರಿಗೆ."

ಎರಡು ದಿನ ಯೋಚಿಸಿ ನಾನು ಹೇಳಿದೆ, "ಬಾಂಬಿನ ಸದ್ದೇ ಬೇಡ. ಅಷ್ಟು ದೂರದ ನೆಲಮಾಳಿಗೆಗೆ ಅದು ಕೇಳಿಸೋದೂ ಇಲ್ಲ. ಊರಿನ ಸದ್ದು ಕೊಡೋಣ. ಚುಕ್ಕೆ ಮೇಲೆ ಮೌಸಿನ ಬಾಣ ಇಟ್ರೆ ಆ ಊರು ಕೇಳಿಸ್ಬೇಕು. ಹೊಡೆದ ತಕ್ಷಣ ನಿಲ್ಬೇಕು. ಅಷ್ಟೇ."

ಈ ಆಟದ ಬಗ್ಗೆ ಜನ ಈಗ ಏನಾದರೂ ಹೇಳಿದರೆ ಅದನ್ನೇ ಹೇಳುತ್ತಾರೆ. ಯೋಚನೆ ನನ್ನದು. ಹಾಗೆಂದು ನನ್ನ ನೆನಪು. ಚೇತನ್‌ನ ನೆನಪಿನಲ್ಲಿ ಅದು ಅವನದು. ಈಗ ಅವನಿಗೇ ಬಿಟ್ಟುಕೊಡಲು ನಾನು ಸಿದ್ಧಳಿದ್ದೇನೆ.

ಆಮೇಲಿನ ತಿಂಗಳುಗಳು ನನ್ನ ವೃತ್ತಿಯ ಅತ್ಯಂತ ಸುಖದ ದಿನಗಳು. ಬಸವನಗುಡಿಯ ನನ್ನ ಮನೆಯಿಂದ ಗವಿಪುರಕ್ಕೆ ನಡೆದು ಬರುವಾಗ ರೆಕಾರ್ಡರು ಚೀಲದಲ್ಲಿ ಚಾಲೂ ಇರುತ್ತಿತ್ತು. ಸೈಕಲ್ ಮೇಲಿನ ಸೊಪ್ಪಿನವನು, ಶಾಲೆ ಬಿಡುವ ಗಂಟೆ, ಆಟೋದವರ ಜಗಳ, ಗುಹೆಯ ದೇವಸ್ಥಾನದ ಕಡೆಯಿಂದ ಬರುವ ಗಂಟೆಯ ನಾದ, ಕುಕ್ಕರಿನ ಕೂಗು. ಒಂದೊಂದು ಊರಿಗೆ ಒಂದೊಂದು ಜೋಡಣೆ. ಭೂಪಟದ ನಡುವೆ ಇದ್ದ ದೊಡ್ಡ ಊರಿಗೆ ಮಾತ್ರ ಏನೂ ಸರಿಹೊಂದುತ್ತಿರಲಿಲ್ಲ. ಒಂದು ಬೆಳಿಗ್ಗೆ ಬಾಲ್ಕನಿಯಲ್ಲಿ ಪಾರಿವಾಳಗಳ ಸದ್ದು ಹಿಡಿಯುತ್ತಿದ್ದಾಗ ಕೆಳಗಿನಿಂದ ಕೂಗು ಬಂತು. ಕಾಫಿ ಆರೋಗ್ತಾ ಇದೆ, ಯಾರಾದ್ರೂ ಬನ್ರೋ.

ಹೆಡ್‌ಫೋನಿನಲ್ಲಿ ಅದನ್ನು ಕೇಳಿದಾಗ ನನ್ನ ಮೈ ಜುಂ ಎಂದಿತು. ಅದರಲ್ಲಿ ಗದರಿಕೆ ಇತ್ತು, ಮುದ್ದೂ ಇತ್ತು. ಹಿಂದೆ ಲೋಟ ಇಟ್ಟ ಸದ್ದು, ನಲ್ಲಿಯ ನೀರು.

ಅಂದು ಮಧ್ಯಾಹ್ನವೇ ಕತ್ತರಿಸಲು ಕೂತೆ. ಕೂಗು ಪೂರ್ತಿಯಾದ ಮೇಲೆ ಊರು ನಿಂತರೆ ಏನೂ ಅನ್ನಿಸುತ್ತಿರಲಿಲ್ಲ. "ಇದೆ" ಎಂಬಲ್ಲಿ, ಉಸಿರಿನ ಜಾಗದಲ್ಲಿ ಕತ್ತರಿಸಿದೆ. ಚೆನ್ನಾಗಿತ್ತು, ಆದರೆ ಶಾಂತವಾಗಿತ್ತು. ಆಮೇಲೆ "ಯಾರಾದ್ರೂ" ಎಂಬ ಪದದ ಒಳಗೇ, "ಯಾರಾ" ಆಗಿ "ದ್ರೂ" ಬರುವ ಮುಂಚೆ ಕತ್ತರಿಸಿದೆ. ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಸರ್ ಹೇಳಿದ್ದ ಮಾತು ನೆನಪಾಯಿತೇ? ಆಗಿತ್ತು ಎಂದೇ ಅನ್ನಿಸುತ್ತದೆ. ಅವರು ಬೇಡವೆಂದದ್ದು ಯಾವ ಕಾರಣಕ್ಕೋ ಅದೇ ಕಾರಣಕ್ಕೆ ನನಗೆ ಅದು ಬೇಕಾಗಿತ್ತು. ಊರಿನ ಆ ತುಣುಕು ಸುತ್ತಿ ಸುತ್ತಿ ಬರುವಂತೆ, ಆಡುವವರು ಗುಂಡಿಯನ್ನು ಎಲ್ಲೇ ಒತ್ತಲಿ, ಸದ್ದು ಆ "ಯಾರಾ" ತನಕ ಬಂದೇ ನಿಲ್ಲುವಂತೆ ಹೊಂದಿಸಿದೆವು. ಡೈರಿಯಲ್ಲಿ ಆ ದಿನ ಹವಾಮಾನ ಇಲ್ಲ. "ಇವತ್ತು ಕೆಲಸ ಬಹಳ ಚೆನ್ನಾಯಿತು" ಎಂದಿದೆ.

ಸರೋಜಮ್ಮನವರ ಒಪ್ಪಿಗೆ ಕೇಳಿದ್ದೆ. ಕಾಫಿ ತಟ್ಟೆ ಎತ್ತಿಕೊಳ್ಳುತ್ತ, "ನಿಮ್ಮ ದನಿ ನಮ್ಮ ಆಟಕ್ಕೆ ಹಾಕ್ಕೋತೀನಿ, ಆಗಬಹುದಾ?" ಎಂದೆ.

"ನನ್ನ ದನೀನಾ? ಯಾರ್ ಕೇಳ್ತಾರಮ್ಮ ಈ ಕಾಗೆ ದನಿ?"

"ಪ್ರಪಂಚವೆಲ್ಲ ಕೇಳುತ್ತೆ."

"ಹಾಗಾದ್ರೆ ಹಾಕು. ನನ್ನ ಮಗಳಿಗೆ ಹೇಳ್ತೀನಿ ಇರು, ನಾನು ಮಾತಾಡಿದ್ರೆ ಕಿವಿ ಮುಚ್ಕೋತಾಳೆ."

ದನಿ ಯಾವ ಜಾಗಕ್ಕೆ ಎಂದು ಹೇಳಿದೆನೇ? ಊರಿನ ಸದ್ದಿಗೆ ಎಂದೆ ಎಂದು ನನ್ನ ನೆನಪು. ಎಲ್ಲ ಬಿಡಿಸಿ ಹೇಳಿದ್ದಿರಿ, ನಾನೂ ಅಲ್ಲೇ ಇದ್ದೆ ಎನ್ನುತ್ತಾನೆ ಚೇತನ್. ಅವನು ಅಲ್ಲಿರಲಿಲ್ಲ. ನಾನು ಹೇಳಿದ್ದು ಸುಳ್ಳಲ್ಲ ಎಂದು ಎಷ್ಟೋ ಬಾರಿ ನನಗೆ ನಾನೇ ವಾದಿಸಿದ್ದೇನೆ. ನಗರ್ತಪೇಟೆಯ ಅಂಗಡಿಯವರಿಗೆ ಹೇಳಿದಷ್ಟನ್ನೂ ಅವರಿಗೆ ಹೇಳಲಿಲ್ಲ ಎಂಬಲ್ಲಿಗೆ ಆ ವಾದ ನಿಲ್ಲುತ್ತದೆ. ಹೇಳಿದ್ದರೆ ಅವರು ಬೇಡ ಎನ್ನುತ್ತಿದ್ದರು ಎಂದಲ್ಲ. ಬೇಡ ಎಂದಾರು ಎಂಬ ಅಂಜಿಕೆ ನನಗಿತ್ತು.

ಆಟ ಬಿಡುಗಡೆಯಾದ ದಿನ ಮಹಡಿಯಲ್ಲಿ ಒಂದು ಸಣ್ಣ ಕೂಟ. ಖಾರಾಬಾತ್, ಕೇಸರಿಬಾತ್ ತರಿಸಿದ್ದೆವು. ಸರೋಜಮ್ಮನವರು ರೇಷ್ಮೆ ಸೀರೆ ಉಟ್ಟು, ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಚೇತನ್ ಅವರನ್ನು ದೊಡ್ಡ ಪರದೆಯ ಮುಂದೆ ಕೂರಿಸಿ, ಮೌಸನ್ನು ಕೈಗೆ ಕೊಟ್ಟ. ನಾನು ತಡೆಯಬೇಕಿತ್ತು. ಅವರ ಮುಖದಲ್ಲಿ ಏನಾಗುತ್ತದೆಂದು ನೋಡುವ ಆಸೆ ನನಗೂ ಇತ್ತು.

"ಆ ಮಧ್ಯದ ಚುಕ್ಕೆ ಮೇಲೆ ಇಡಿ ಅಜ್ಜಿ."

ಇಟ್ಟರು. ನಲ್ಲಿಯ ನೀರು, ಲೋಟದ ಸದ್ದು, ದನಿ. ಅವರು ಬಾಯಿಗೆ ಸೆರಗು ಹಿಡಿದು, ನನ್ನ ಕಡೆ ತಿರುಗಿ ನಕ್ಕರು. "ಅಯ್ಯೋ, ನಾನೇ! ವಸುಧಾ, ನಾನೇ ಅಲ್ವೇನೇ ಇದು!"

"ಈಗ ಒತ್ತಿ."

ಒತ್ತಿದರು. ಯಾರಾ. ಆಮೇಲೆ ಏನೂ ಇಲ್ಲ. ಚುಕ್ಕೆ ಬೂದು ಬಣ್ಣಕ್ಕೆ ತಿರುಗಿತು.

ಅವರು ಸ್ವಲ್ಪ ಹೊತ್ತು ಕಾದರು. "ಯಾಕೆ ನಿಂತೋಯ್ತು? ಕರೆಂಟ್ ಹೋಯ್ತಾ?"

"ಇಲ್ಲ ಅಜ್ಜಿ, ಊರು ಹೋಯ್ತು. ನೀವು ಬಾಂಬ್ ಹಾಕಿದ್ರಿ."

"ನಾನಾ? ಯಾರ್ ಮೇಲೆ?"

"ನಿಮ್ಮ ಮೇಲೇ!" ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಸರೋಜಮ್ಮನವರೂ ನಕ್ಕರು, ಮಿಕ್ಕವರಿಗಿಂತ ಸ್ವಲ್ಪ ತಡವಾಗಿ. ಕೇಸರಿಬಾತನ್ನು ಮಗಳಿಗೆಂದು ಕಟ್ಟಿಸಿಕೊಂಡು ಇಳಿದು ಹೋದರು.

ಮರುದಿನ ಹನ್ನೊಂದಕ್ಕೆ ಕೂಗು ಬರಲಿಲ್ಲ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಒಂದು ಮೆಟ್ಟಿಲಿಗೆ ಎರಡೂ ಕಾಲು ಊರಿ, ಕೈಯಲ್ಲಿ ತಟ್ಟೆ ಹಿಡಿದು ಅವರೇ ಹತ್ತಿ ಬರುತ್ತಿದ್ದರು. ಓಡಿ ಹೋಗಿ ಇಸಿದುಕೊಂಡೆ.

"ಕರೆದಿದ್ರೆ ಬರ್ತಿದ್ದೆನಲ್ಲ, ಯಾಕೆ ಹತ್ತಿದ್ರಿ?"

"ಇರಲಿ ಬಿಡು, ಕಾಲಿಗೂ ಕೆಲಸ ಬೇಕು."

ಅದರ ಮರುದಿನವೂ ಹಾಗೇ. ವಾರವಾಯಿತು. ಕೊನೆಗೆ ನಾನೇ ಕಾಫಿಯ ಹೊತ್ತಿಗೆ ಮುಂಚೆ ಅಡುಗೆಮನೆಗೆ ಹೋಗಿ ನಿಂತೆ. ಅವರು ಹಾಲು ಉಕ್ಕದಂತೆ ನೋಡುತ್ತಾ, ನನ್ನ ಕಡೆ ತಿರುಗದೆ ಹೇಳಿದರು.

"ಕೂಗೋಕೆ ಬಾಯಿ ತೆಗೀತೀನಮ್ಮ. ಯಾರಾ ಅನ್ನೋಷ್ಟರಲ್ಲಿ ಒಂಥರಾ ಆಗುತ್ತೆ. ಇನ್ನು ಮುಂದಕ್ಕೆ ಬರಲ್ಲವೇನೋ ಅಂತ. ಹುಚ್ಚು ನಂದು. ನೀನೇನೂ ಅಂದ್ಕೋಬೇಡ."

ಬೈದಿದ್ದರೆ ಕಾಲು ಹಿಡಿಯಬಹುದಿತ್ತು. ನಾನು ಅವರ ಒಂದು ಸದ್ದನ್ನು ಬಳಸಿಕೊಂಡೆ ಎಂದುಕೊಂಡಿದ್ದೆ. ತೆಗೆದುಕೊಂಡೇ ಬಿಟ್ಟಿದ್ದೆ. ಸಣ್ಣದಿರಲಿ, ಅವರದೆಂಬ ಒಂದು ಅಭ್ಯಾಸ ಹೋಗಿತ್ತು, ಮನೆ ಸಪ್ಪಗಾಗಿತ್ತು.

ಅಂದೇ ಚೇತನ್‌ಗೆ ಹೇಳಿದೆ, ಆ ದನಿ ತೆಗೆಯಬೇಕು ಎಂದು. ಅವನು ಒಪ್ಪಲಿಲ್ಲ. ಆಡಿದವರೆಲ್ಲ ಬರೆಯುತ್ತಿದ್ದುದೇ ಅದರ ಬಗ್ಗೆ. ಕನ್ನಡ ತಿಳಿಯದವರು ಅದು ಪ್ರಾರ್ಥನೆಯಿರಬೇಕು, ಎಚ್ಚರಿಕೆಯಿರಬೇಕು ಎಂದು ಊಹಿಸುತ್ತಿದ್ದರು. ಕಾಫಿ ಆರುತ್ತಿದೆ ಎಂದಷ್ಟೇ ಅದರ ಅರ್ಥ ಎಂದು ಯಾರೋ ತಿಳಿಸಿದ ಮೇಲೆ ಇನ್ನೂ ಹೆಚ್ಚು ಜನ ಬರೆದರು. ನಾನು ಹಟ ಹಿಡಿದೆ. ನನ್ನದೇ ದನಿಯಲ್ಲಿ ಅದೇ ಮಾತು ರೆಕಾರ್ಡ್ ಮಾಡಿ, ಅದೇ ಜಾಗದಲ್ಲಿ ಕತ್ತರಿಸಿ ಕೊಟ್ಟೆ. ಚೇತನ್ ಕೊನೆಗೆ ಒಪ್ಪಿ, ಅದನ್ನು ಹಾಕಿದ ಹೊಸ ಆವೃತ್ತಿ ಬಿಟ್ಟ. ಆ ಬೆಳಿಗ್ಗೆ ಕೆಳಗೆ ಹೋಗಿ, "ತೆಗೆದುಬಿಟ್ಟೆ. ಈಗ ಅದು ನಿಮ್ಮ ದನಿಯಲ್ಲ" ಎಂದೆ.

"ಅಯ್ಯೋ, ನನಗೋಸ್ಕರ ಯಾಕ್ ತೊಂದ್ರೆ ತಗೊಂಡೆ?" ಎಂದರು. ಮರುದಿನ ಹನ್ನೊಂದಕ್ಕೆ, ಸ್ವಲ್ಪ ಸಣ್ಣ ದನಿಯಲ್ಲಿ, ಕೂಗು ಬಂತು. ಪೂರ್ತಿ ಬಂತು. ಮಹಡಿಯಲ್ಲಿ ನಾವೆಲ್ಲ ಮುಖ ಮುಖ ನೋಡಿಕೊಂಡೆವು. ನಾನು ಮೆಟ್ಟಿಲುಗಳನ್ನು ಇಳಿದದ್ದು ನೆನಪಿಲ್ಲ, ಅಡುಗೆಮನೆಯಲ್ಲಿದ್ದೆ.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬೇರೆ ಮುಖ ಹಾಕಿಕೊಂಡು ಬರೆಯುತ್ತಿದ್ದೆ. ಆಡುವವರು ಹೊಸ ದನಿಯನ್ನು ಒಪ್ಪಲಿಲ್ಲ. ಅಜ್ಜಿ ಎಲ್ಲಿ ಎಂದು ಕೇಳಿದರು. ಈಗಿನದು ನಟನೆ ಎಂದರು, ಅದು ನಿಜವೇ ಆಗಿತ್ತು. ಚೇತನ್ ನನ್ನ ಮೇಜಿನ ಬಳಿ ಬಂದು ಕೂತ.

"ಮೇಡಂ, ಹಳೇದನ್ನೇ ಹಾಕ್ಲಾ? ನೀವು ಬೇಡ ಅಂದ್ರೆ ಹಾಕಲ್ಲ. ಆದ್ರೆ ಒಂದ್ ಮಾತು. ನಿಮ್ಮ ಇಡೀ ಸರ್ವೀಸಲ್ಲಿ ಅಂಥದ್ದು ಇನ್ನೊಂದು ಮಾಡಿದೀರಾ?"

ಮಾಡಿರಲಿಲ್ಲ. ಅಗರಬತ್ತಿಯಿಂದ ಅಲ್ಲಿಯವರೆಗೆ ಅಂಥದ್ದು ಇನ್ನೊಂದು ಇರಲಿಲ್ಲ. ಹಾಕು ಎಂದೆ. ಅಜ್ಜಿಗೆ ಹೇಳಬೇಡ ಎಂದೂ ಅಂದೆ. ಒಂದು ದೊಡ್ಡ ಕಂಪನಿಯಲ್ಲಿ ಇಂಥ ನಿರ್ಧಾರಕ್ಕೆ ಹತ್ತು ಜನರ ಸಹಿ ಬೇಕಾಗುತ್ತಿತ್ತು. ನಮ್ಮದು ಸ್ವತಂತ್ರ ಸಂಸ್ಥೆ, ಸಂಜೆಯೊಳಗೆ ಮುಗಿಯಿತು. ಆಮೇಲೂ ಎರಡು ವರ್ಷ ನಾನು ಅಲ್ಲಿ ದುಡಿದೆ. ದಿನವೂ ಕೂಗು ಬಂತು, ದಿನವೂ ಇಳಿದು ಹೋದೆ, ಕುಡಿದೆ. ಮೊದಮೊದಲು ಅವರ ಮುಖ ನೋಡದೆ ಲೋಟ ಎತ್ತಿಕೊಳ್ಳುತ್ತಿದ್ದೆ. ಆಮೇಲೆ ಅದೂ ಇರಲಿಲ್ಲ. ನನ್ನನ್ನು ಹೆಚ್ಚು ನಾಚಿಸುವುದು ಈ ಕೊನೆಯ ಮಾತು.

ನಾನು ನಿವೃತ್ತಳಾದೆ. ಆಟ ಚೆನ್ನಾಗಿ ಹೋಗಿ, ಚೇತನ್ ದೊಡ್ಡ ಜಾಗಕ್ಕೆ ಹೋದ. ಸರೋಜಮ್ಮನವರ ಮಹಡಿ ಖಾಲಿಯಾಯಿತು, ಗೇಟಿಗೆ ಬಾಡಿಗೆಯ ಬೋರ್ಡು ಬಿತ್ತು. ಶನಿವಾರಗಳಂದು ನಾನು ಹೋಗಿಬರುತ್ತೇನೆ. ಈಚಿನ ಒಂದು ಶನಿವಾರ ಹೇಳಲೇಬೇಕೆಂದು ನಿರ್ಧರಿಸಿ ಹೋಗಿದ್ದೆ. ಅವರು ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಕೂತು ಸುಲಿಯತೊಡಗಿದೆ. ಎಲ್ಲಿಂದ ಶುರುಮಾಡಲಿ ಎಂದು ಹುಡುಕುತ್ತಿರುವಾಗ ಅವರೇ ಕೇಳಿದರು.

"ಆ ಆಟ ಈಗಲೂ ಆಡ್ತಾರೇನೇ?"

"ಆಡ್ತಾರೆ."

"ನನ್ನ ಜಾಗದಲ್ಲಿ ಈಗ ಯಾರ ದನಿ?"

ಇದಕ್ಕಿಂತ ಅಗಲವಾದ ಬಾಗಿಲು ನನಗೆ ಯಾರೂ ತೆರೆದುಕೊಡಲಾರರು. "ನಂದು" ಎಂದೆ.

ಅವರ ಕೈ ನಿಂತಿತು. "ನಿಂದಾ? ಅವತ್ತು ಬೇರೆ ದನಿ ಅಂದಾಗ ನಾನು ಯಾರೋ ಕಲಾವಿದರದು ಅಂದ್ಕೊಂಡೆ. ಅಷ್ಟ್ ದಿನದಿಂದ ನಿನ್ನನ್ನ ಸಾಯಿಸ್ತಾ ಇದಾರೇನೇ ಅವರೆಲ್ಲಾ?"

"ಆಟ ಅಲ್ವಾ ಸರೋಜಮ್ಮ."

"ಆಟವೋ ಗೀಟವೋ. ಬೇಡ ಕಣೆ. ಇನ್ನೂ ಬಾಳಬೇಕಾದವಳು ನೀನು. ಅದನ್ನ ತೆಗೆದು ನಂದೇ ಹಾಕು. ನಂಗೇನಾಗ್ಬೇಕಾಗಿದೆ, ಆಯ್ತಲ್ಲ ವಯಸ್ಸು."

"ಬೇಡ ಬಿಡಿ."

"ಹಳೇದು ಇಟ್ಟಿದೀಯೋ, ಎಸೆದ್ಯೋ? ಎಸೆದಿದ್ರೆ ಹೊಸದಾಗಿ ಕೂಗ್ತೀನಿ. ನಿನ್ನ ಮಿಷನ್ ತಂದಿದೀಯಾ?"

ರೆಕಾರ್ಡರು ಚೀಲದಲ್ಲಿತ್ತು. ಅಭ್ಯಾಸಬಲ, ಅದಿಲ್ಲದೆ ನಾನು ಹೊರಗೆ ಹೊರಡುವುದಿಲ್ಲ. ಇಲ್ಲ ಎನ್ನಬಹುದಿತ್ತು. ನಿಜ ಹೇಳಬಹುದಿತ್ತು. ಅವರು ಆಗಲೇ ಎದ್ದು, ಕೈ ತೊಳೆದು, ಸೆರಗು ಸರಿಮಾಡಿಕೊಂಡು, ಮಹಡಿಯ ಕೀಲಿಕೈಯನ್ನು ನನ್ನ ಕೈಗೆ ಹಾಕಿದ್ದರು. "ನೀನು ಮೊದಲಿನ ಹಾಗೆ ಮೇಲೇ ನಿಂತ್ಕೋ. ಇಲ್ಲಿ ಎದುರಿಗಿದ್ರೆ ನನಗೆ ನಗು ಬರುತ್ತೆ."

ಹತ್ತಿ ಹೋಗಿ ಖಾಲಿ ಬಾಲ್ಕನಿಯಲ್ಲಿ ನಿಂತೆ. ಮೇಜುಗಳ ಕಾಲು ಊರಿದ್ದ ಗುರುತುಗಳು ನೆಲದ ಮೇಲೆ ಹಾಗೇ ಇದ್ದವು. ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡರು ಚಾಲೂ ಮಾಡಿದೆ. ಕೆಳಗೆ ಅಡುಗೆಮನೆಯ ಬಾಗಿಲಲ್ಲಿ ಅವರು ಕತ್ತೆತ್ತಿ ನೋಡಿದರು.

"ಎಲ್ಲೀವರೆಗೆ ಹೇಳ್ಲಿ? ಆ ಯಾರಾ ಅನ್ನೋ ತನಕ ಅಲ್ವಾ?"

"ಪೂರ್ತಿ ಹೇಳಿ," ಎಂದೆ.

"ಪೂರ್ತಿ ಯಾಕೆ? ಆಮೇಲೆ ನೀನು ಕೂತು ಕತ್ತರಿಸ್ಬೇಕು. ನಾನೇ ಅಲ್ಲಿಗೆ ನಿಲ್ಲಿಸ್ತೀನಿ, ನಿಂಗೆ ಒಂದ್ ಕೆಲಸ ಕಮ್ಮಿ ಆಗುತ್ತೆ."

ಅವರು ಉಸಿರು ತುಂಬಿಕೊಂಡರು. "ಕಾಫಿ ಆರೋಗ್ತಾ ಇದೆ, ಯಾರಾ" ಎಂದು ಕೂಗಿ, ಟಕ್ಕನೆ ಬಾಯಿ ಮುಚ್ಚಿ, ಅಲುಗಾಡದೆ ನಿಂತರು. ಕಣ್ಣು ಮಾತ್ರ ನನ್ನನ್ನು ಕೇಳುತ್ತಿತ್ತು, ಸರಿಯಾಯಿತೇ ಎಂದು.

ಸ್ಟುಡಿಯೋದಲ್ಲಿ ಕಲಾವಿದರಿಗೆ ತೋರಿಸುವ ಹಾಗೆ, ಮೇಲಿನಿಂದ ಹೆಬ್ಬೆರಳು ಎತ್ತಿ ತೋರಿಸಿದೆ.